ಟೋ ಸರಿಮಾಡಿದ್ದು ಮೊಳೆ, ತೂಕದ ಗುಂಡು, ಟೇಪಿನಲ್ಲಿ

ಶಿರಸಿ–ಕುಮಟಾ ಓಡಾಟದ ಹಳೇ ಕಾರು. ಮುಂದಿನ ಎರಡೂ ಟಯರಿನ ಒಳಅಂಚು ಗರಗಸದ ಹಲ್ಲಿನಂತೆ ಸವೆದಿತ್ತು: ಟೋ-ಔಟ್. ಮೇಲಿಂದ ನೋಡಿದರೆ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದೇ ಟೋ; ಹೊರಕ್ಕಿದ್ದರೆ ಟೋ-ಔಟ್. ಮೊದಲು ಟೈ ರಾಡ್ (ಸ್ಟಿಯರಿಂಗಿನಿಂದ ಚಕ್ರಕ್ಕೆ ಹೋಗುವ ಕಂಬಿ) ತುದಿಯ ಕೀಲನ್ನು, ಅಂದರೆ ಎಂಡನ್ನು, ಅಲ್ಲಾಡಿಸಿ ನೋಡಿ. ಲೂಸಿದ್ದರೆ ಮುಂದಿನದೆಲ್ಲ ದಂಡ.

ಗಾಳಿ ಸಮ, ಸ್ಟಿಯರಿಂಗ್ ನೇರ, ಅಂಗಳ ಮಟ್ಟಸ. ಚಕ್ರ ಜಾಕಿಗೆತ್ತಿ ತಿರುಗಿಸುತ್ತ, ಟಯರಿನ ನಡುವೆ ಮೊಳೆಯಿಂದ ಗೆರೆ ಎಳೆದೆ. ಸೀಮೆಸುಣ್ಣದ ಗೆರೆ ದಪ್ಪ, 2 ಮಿ.ಮೀ. ಅಲ್ಲೇ ತಪ್ಪುತ್ತದೆ. ಇಳಿಸಿ ಎರಡು ಮೀಟರ್ ತಳ್ಳಿದರೇ ಸಸ್ಪೆನ್ಷನ್ ಕೂರುವುದು. ಚಕ್ರದ ಮುಂದೆ, ಹಿಂದೆ ಗೆರೆಯಿಂದ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೆಲದಲ್ಲಿ ಗುರುತು ಹಾಕಿ, ಎಡ-ಬಲ ಗುರುತುಗಳ ಅಂತರ ಟೇಪಿನಲ್ಲಿ ಅಳೆದೆ: ಹಿಂದಿಗಿಂತ ಮುಂದೆ 7 ಮಿ.ಮೀ. ಹೆಚ್ಚು.

ಕರಾವಳಿಯ ಉಪ್ಪುಗಾಳಿಗೆ ಟೈ ರಾಡನ್ನು ಎಂಡಿಗೆ ಬಿಗಿಹಿಡಿಯುವ ಲಾಕ್ ನಟ್ ತುಕ್ಕು ಹಿಡಿದಿತ್ತು. ತಂತಿ ಬ್ರಷ್, ಎಣ್ಣೆ, ಒಂದು ರಾತ್ರಿ ಬೇಕಾಯಿತು. ನಟ್ ಸಡಿಲಿಸಿ, ಎರಡೂ ಬದಿಯ ಟೈ ರಾಡ್ ಕಾಲು ಸುತ್ತು ತಿರುಗಿಸಿ, ತಳ್ಳಿ, ಮತ್ತೆ ಅಳತೆ. ಒಂದೇ ಬದಿ ತಿರುಗಿಸಿದರೆ ಸ್ಟಿಯರಿಂಗ್ ಓರೆಯಾಗುತ್ತದೆ. ವ್ಯತ್ಯಾಸ 1 ಮಿ.ಮೀ.ಗೆ ಬಂತು. ನಟ್ ಬಿಗಿಯುವಾಗ ಎಂಡನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿದುಕೊಳ್ಳಿ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಓರೆ) ಮಾತ್ರ ಇದರಲ್ಲಿ ಸಿಗದು.