ಚಂಡಮಾರುತಕ್ಕೆ ಮುಂಚೆ ಮಾಡಿನ ಹಂಚು, ಆಮೇಲೆ ಬಾವಿಯ ನೀರು

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ನೆಲಕ್ಕೆ ಅಪ್ಪಳಿಸಿದ್ದು ಗುಜರಾತಿನಲ್ಲಿ. ಆದರೆ ಅದು ಅರಬ್ಬಿ ಸಮುದ್ರದಲ್ಲಿ ಉತ್ತರಕ್ಕೆ ಸಾಗುತ್ತಿದ್ದಾಗಲೇ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಮನೆಗಳು ಜಖಂಗೊಂಡವು, ವಿದ್ಯುತ್ ಕಂಬಗಳು ಉರುಳಿದವು, ಕಡಲು ದಡವನ್ನು ಕೊರೆಯಿತು. ಆದ್ದರಿಂದ ‘ಅದು ನಮ್ಮ ಕಡೆಗೆ ಬರುವುದಿಲ್ಲವಂತೆ’ ಎಂಬ ಮಾತನ್ನು ನಂಬಿ ಕೈಕಟ್ಟಿ ಕೂರುವುದು ಕರಾವಳಿಯವರಿಗೆ ಸಲ್ಲದು. ಇಲ್ಲಿ ಚಂಡಮಾರುತಗಳು ಏಳುವುದು ಹೆಚ್ಚಾಗಿ ಮುಂಗಾರಿನ ಹೊಸ್ತಿಲಲ್ಲಿ ಮತ್ತು ಮಳೆಗಾಲ ಮುಗಿದ ಮೇಲೆ. ಹಾಗಾಗಿ ಮನೆಯ ದುರಸ್ತಿಯನ್ನು ಏಪ್ರಿಲ್ ಒಳಗೇ ಮುಗಿಸಿಕೊಳ್ಳುವುದು ಒಳ್ಳೆಯದು.

ಹಂಚಿನ ಮನೆಯಲ್ಲಿ ಮೊದಲು ನೋಡಬೇಕಾದದ್ದು ಮಾಡನ್ನು. ಬಿರುಗಾಳಿ ಹಂಚನ್ನು ಒತ್ತಿ ಒಡೆಯುವುದಕ್ಕಿಂತ ಎತ್ತಿ ಹಾರಿಸುವುದೇ ಹೆಚ್ಚು: ಮಾಡಿನ ಮೇಲೆ ರಭಸದಿಂದ ಹಾಯುವ ಗಾಳಿ ಹಂಚನ್ನು ಮೇಲಕ್ಕೆ ಸೆಳೆಯುತ್ತಿರುವಾಗಲೇ, ಸೂರಿನ ಅಡಿಯಿಂದಲೂ ತೆರೆದ ಬಾಗಿಲಿನಿಂದಲೂ ನುಗ್ಗಿದ ಗಾಳಿ ಅದನ್ನು ಒಳಗಿನಿಂದ ದೂಡುತ್ತದೆ. ಆದುದರಿಂದ ಸೂರಂಚಿನ ಎರಡು ಸಾಲು ಹಂಚುಗಳನ್ನು ತುಕ್ಕು ಹಿಡಿಯದ ತಂತಿಯಿಂದ ರೀಪಿಗೆ, ಅಂದರೆ ಹಂಚು ಕೂರುವ ಮರದ ಪಟ್ಟಿಗೆ, ಬಿಗಿಯಬೇಕು. ಮಾಡಿನ ನೆತ್ತಿಯ ಹಂಚುಗಳ ಗಾರೆ ಬಿರುಕು ಬಿಟ್ಟಿದ್ದರೆ ಹೊಸದಾಗಿ ಮೆತ್ತಿಸಬೇಕು. ರೀಪಿನ ತುದಿಯನ್ನು ಚೂರಿಯ ಮೊನೆಯಿಂದ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಒಳಗಿಳಿದರೆ ಅದು ಗೆದ್ದಲು ತಿಂದ ಇಲ್ಲವೇ ಕುಂಬಾದ ಮರ; ಅಂಥದ್ದಕ್ಕೆ ಎಷ್ಟು ತಂತಿ ಸುತ್ತಿದರೂ ಪ್ರಯೋಜನವಿಲ್ಲ, ಬದಲಾಯಿಸಲೇಬೇಕು. ಮನೆಗೆ ಬಾಗಿದ ತೆಂಗಿನ ಮರದ ಒಣ ಮಡಲನ್ನೂ ಬಲಿತ ಕಾಯಿಗಳನ್ನೂ ಇಳಿಸಿಡಿ. ಹತ್ತಿಪ್ಪತ್ತು ಹಂಚು ಮತ್ತು ಒಂದು ದೊಡ್ಡ ಟಾರ್ಪಾಲು ಮನೆಯಲ್ಲೇ ಇರಲಿ, ಏಕೆಂದರೆ ಗಾಳಿ ನಿಂತ ಮರುದಿನ ಊರಿನವರೆಲ್ಲರಿಗೂ ಅವೇ ಬೇಕಾಗುತ್ತವೆ.

ಹವಾಮಾನ ಇಲಾಖೆಯ ಮುನ್ನೆಚ್ಚರಿಕೆ ಬಂದ ಮೇಲೆ ಅಂಗಳದಲ್ಲಿರುವ ತಗಡು, ಕುರ್ಚಿ, ಬಕೆಟ್‌ಗಳನ್ನು ಒಳಗಿಡಿ. ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ಮೂರು ದಿನಕ್ಕೆ ಸಾಲುವಷ್ಟು ಕುಡಿಯುವ ನೀರು ತುಂಬಿಡಿ. ಪಹಣಿ, ಆಧಾರ್, ಪಡಿತರ ಚೀಟಿ ಮತ್ತು ಔಷಧಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ. ದನಕರುಗಳನ್ನು ಎತ್ತರದ ಜಾಗಕ್ಕೆ ಸಾಗಿಸಿ, ಅದು ಸಾಧ್ಯವಾಗದಿದ್ದರೆ ಹಗ್ಗ ಬಿಚ್ಚಿಬಿಡಿ. ಕಟ್ಟಿಹಾಕಿದ ಹಸು ಏರುವ ನೀರಿನಿಂದ ತಪ್ಪಿಸಿಕೊಳ್ಳಲಾರದು. ಕಡಲ ದಂಡೆಯವರು ಮನೆ ಬಿಡಬೇಕೆಂದು ಆಡಳಿತ ಹೇಳಿದರೆ ಬೆಳಕಿರುವಾಗಲೇ ಹೊರಡಬೇಕು. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077.

ಗಾಳಿ ಬೀಸುವಾಗ ಗಾಳಿಗೆ ಎದುರಾದ ಬಾಗಿಲು, ಕಿಟಕಿಗಳನ್ನು ಭದ್ರವಾಗಿ ಮುಚ್ಚಿ ಒಳಕೋಣೆಯಲ್ಲಿರಿ. ಗಾಳಿ ಒಮ್ಮೆಲೇ ಸ್ತಬ್ಧವಾದರೆ ಹೊರಬರಬೇಡಿ. ಚಂಡಮಾರುತದ ಕಣ್ಣು, ಅಂದರೆ ಅದರ ನಡುವಿನ ಶಾಂತ ಭಾಗ, ನೆತ್ತಿಯ ಮೇಲಿದ್ದರೆ, ಸ್ವಲ್ಪ ಹೊತ್ತಿನಲ್ಲೇ ಗಾಳಿ ಎದುರು ದಿಕ್ಕಿನಿಂದ ಮರಳುತ್ತದೆ.

ಗಾಳಿ ಪೂರ್ತಿ ಅಡಗಿದ ಮೇಲೆ ಅವಸರದಿಂದಾಗುವ ಸಾವುಗಳೇ ನನ್ನನ್ನು ಹೆಚ್ಚು ಕಾಡುತ್ತವೆ. ಬಿದ್ದ ವಿದ್ಯುತ್ ತಂತಿಯಲ್ಲಿ ಕರೆಂಟಿಲ್ಲವೆಂದು ಎಂದೂ ಭಾವಿಸಬಾರದು. ದೂರದಲ್ಲೇ ನಿಂತು ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಮನೆಯ ಮೇನ್ ಸ್ವಿಚ್ ಆರಿಸಿದರೆ ಸಾಲದು, ಇನ್ವರ್ಟರ್ ಇದ್ದರೆ ಅದನ್ನೂ ಆರಿಸಬೇಕು, ಇಲ್ಲವಾದರೆ ಒದ್ದೆ ಗೋಡೆಯಲ್ಲಿ ವಿದ್ಯುತ್ ಹರಿಯುತ್ತಲೇ ಇರಬಹುದು. ಪಾಚಿಗಟ್ಟಿದ ಒದ್ದೆ ಮಾಡನ್ನು ಒಬ್ಬರೇ ಹತ್ತಬಾರದು. ಒಡೆದ ಹಂಚನ್ನು ಗುಡಿಸುವ ಮುನ್ನ ನಾಲ್ಕೂ ಕಡೆಯಿಂದ ಫೋಟೊ ತೆಗೆದು ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ಪರಿಹಾರದ ಅರ್ಜಿಗೆ ಆ ಚಿತ್ರಗಳು ಆಧಾರವಾಗುತ್ತವೆ. ಗಾಯವಿರುವ ಕಾಲಿನಲ್ಲಿ ಕೆಸರು ತುಳಿದರೆ ಇಲಿಜ್ವರ ತಗಲಬಹುದು, ಆದ್ದರಿಂದ ಗಂಬೂಟು ಹಾಕಿಕೊಂಡೇ ಕೆಲಸ ಮಾಡಿ.

ಇನ್ನು ಬಾವಿ. ನೆರೆನೀರು ಒಳಗೆ ಇಳಿದಿದ್ದರೆ, ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಲು ಯೋಗ್ಯವಲ್ಲ. ಸುತ್ತಲಿನ ನೆಲ ನೆನೆದಿರುವಾಗ ಪಂಪ್ ಹಚ್ಚಿ ಒಮ್ಮೆಲೇ ಬರಿದು ಮಾಡಿದರೆ ಬಾವಿಯ ಗೋಡೆ ಕುಸಿಯುವ ಅಪಾಯವಿದೆ; ನೆಲ ಸ್ವಲ್ಪ ಬಸಿದ ಮೇಲೆ ನಿಧಾನವಾಗಿ ನೀರೆತ್ತಬೇಕು. ಮಾಮೂಲಿ ದಿನಗಳಲ್ಲಿ 1000 ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಸಾಕಾಗುತ್ತದೆ, ಆದರೆ ಕಲುಷಿತ ಬಾವಿಗೆ ಅದು ಸಾಲದು. ಪ್ರಮಾಣವನ್ನು ಆರೋಗ್ಯ ಕಾರ್ಯಕರ್ತರಿಂದಲೇ ಕೇಳಿ ತಿಳಿಯಿರಿ. ಪುಡಿಯನ್ನು ನೇರವಾಗಿ ಸುರಿಯದೆ ಬಕೆಟಿನಲ್ಲಿ ಕದಡಿ, ಪುಡಿಯಲ್ಲಿನ ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನು ಮಾತ್ರ ಬಾವಿಗಿಳಿಸಿ, ಕೊಡಪಾನವನ್ನು ಮೇಲೆ ಕೆಳಗೆ ಆಡಿಸಿ ಬೆರೆಸಬೇಕು. ಕನಿಷ್ಠ ಒಂದು ಗಂಟೆ ಬಿಟ್ಟು ಸೇದಿದ ನೀರನ್ನೂ ಕುದಿಸಿಯೇ ಕುಡಿಯಿರಿ. ಕಡಲ ನೀರೇ ನುಗ್ಗಿದ್ದರೆ ಕುದಿಸಿದರೂ ಉಪ್ಪು ಹೋಗುವುದಿಲ್ಲ. ಮಳೆ ಸುರಿದು ಬಾವಿಯ ಉಪ್ಪಿನಂಶ ಇಳಿಯುವವರೆಗೆ ಕುಡಿಯುವ ನೀರನ್ನು ಬೇರೆಡೆಯಿಂದ ತರಬೇಕಾಗುತ್ತದೆ.