ಮಾಡು ಸೋರಿದರೆ ಖರ್ಚು ಯಾರದ್ದು? ಇಂಗ್ಲೆಂಡಿನಲ್ಲಿ ಹೋಟೆಲ್ ಇಡಲು ಹೊರಟ ಉಡುಪಿಯವರಿಗೆ

ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ರಥಬೀದಿಯ ಆಸುಪಾಸಿನ ಹುಡುಗರು ಮನೆಗೆ ಬಂದು ವೀಸಾದ ಬಗ್ಗೆ ಕೇಳುತ್ತಾರೆ, ಅಲ್ಲಿ ಒಳ್ಳೆಯ ಉದ್ದಿನಬೇಳೆ ಸಿಗುತ್ತದಾ ಎಂದು ಕೇಳುತ್ತಾರೆ. ಅಂಗಡಿಯ ಕರಾರಿನ ಬಗ್ಗೆ ಯಾರೂ ಕೇಳುವುದಿಲ್ಲ. ನನಗೆ ಹೆದರಿಕೆ ಇರುವುದು ಅದರದ್ದೇ.

ಉಡುಪಿಯಲ್ಲಿ ಅಂಗಡಿ ಕೋಣೆ ಹಿಡಿಯುವ ರೂಢಿ ನಿಮಗೆ ಗೊತ್ತುಂಟು. ಮುಂಗಡ ಕೊಟ್ಟು 11 ತಿಂಗಳ ಕರಾರು. ಆಟಿಯ ಮಳೆಗೆ ಮಾಡು ಸೋರಿದರೆ ಧಣಿಗಳಿಗೆ ಫೋನು; ಬಣ್ಣ, ನಲ್ಲಿ, ಬಲ್ಬು ನಮ್ಮ ಖರ್ಚು. ಧಣಿಗಳು ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ನಾವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಲು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ನಿನಲ್ಲೇ ದಾರಿ ಉಂಟು. ಈ ಲೆಕ್ಕ ಹಾಕಿಕೊಂಡು ವಿಮಾನ ಹತ್ತಬೇಡಿ.

ಅಲ್ಲಿ ಸಾಮಾನ್ಯವಾಗಿ ನಿಮ್ಮ ಮುಂದಿಡುವುದು ‘ಫುಲ್ ರಿಪೇರಿಂಗ್ ಆಂಡ್ ಇನ್ಶೂರಿಂಗ್’ ಲೀಸ್. ಇಡೀ ಕಟ್ಟಡ ನಿಮಗೇ ಸಿಕ್ಕಿದ್ದರೆ ಮಾಡು, ಹೊರಗೋಡೆ, ಅಡಿಪಾಯ ಎಲ್ಲದರ ದುರಸ್ತಿ ನಿಮ್ಮ ತಲೆಗೆ. ಕಟ್ಟಡದ ವಿಮೆಯನ್ನು ಸಾಮಾನ್ಯವಾಗಿ ಮಾಲೀಕ ಮಾಡಿಸುತ್ತಾನೆ, ಹಣ ನೀವು ತುಂಬಬೇಕು. ಹಲವು ಬಾಡಿಗೆದಾರರಿರುವ ಕಟ್ಟಡವಾದರೆ ದುರಸ್ತಿ ಮಾಡಿಸುವುದು ಅವನೇ, ಆದರೆ ಖರ್ಚನ್ನು ‘ಸರ್ವಿಸ್ ಚಾರ್ಜ್’ ಎಂದು ಎಲ್ಲರಿಗೂ ಹಂಚುತ್ತಾನೆ. ಅದಕ್ಕೆ ವರ್ಷದ ಗರಿಷ್ಠ ಮಿತಿ ಬರೆಸಿಕೊಳ್ಳಿ.

ನಾನು ಎಡವಿದ್ದು ‘ಕೀಪ್ ಇನ್ ರಿಪೇರ್’ ಎಂಬ ಮೂರು ಪದಗಳಲ್ಲಿ. ಕೊಟ್ಟ ಹಾಗೆ ಇಟ್ಟುಕೊಂಡರೆ ಸಾಕು ಅಂದುಕೊಂಡಿದ್ದೆ. ಅಲ್ಲಿನ ಕಾನೂನಿನಲ್ಲಿ ಹಾಗಲ್ಲ: ನೀವು ಬರುವ ಮೊದಲೇ ಹಾಳಾಗಿದ್ದರೂ ಅದನ್ನು ಸರಿಪಡಿಸಿ, ಆಮೇಲೆ ಹಾಗೇ ಕಾಪಾಡಬೇಕು. ನನಗಿಂತ ಮೊದಲೇ ಒಡೆದಿದ್ದ ಮಾಡಿಗೆ, ಕೊಳೆತಿದ್ದ ಮಳೆನೀರಿನ ದೋಣಿಗೆ ನಾನು ದುಡ್ಡು ತೆತ್ತೆ. ಹೆಂಡತಿಯ ಬಳೆ ಅಡವಿಟ್ಟದ್ದು ಅದಕ್ಕೇ.

ಅದಕ್ಕಾಗಿ ಸಹಿ ಮಾಡುವ ಮೊದಲು ನಿಮ್ಮದೇ ಸರ್ವೇಯರ್ (ಕಟ್ಟಡ ಪರೀಕ್ಷಿಸುವ ತಜ್ಞ) ಹಿಡಿದು, ಕಟ್ಟಡದ ಮೂಲೆಮೂಲೆಯ ಫೋಟೊ ಸಹಿತ ‘ಶೆಡ್ಯೂಲ್ ಆಫ್ ಕಂಡಿಶನ್’, ಅಂದರೆ ಕಟ್ಟಡದ ಈಗಿನ ಸ್ಥಿತಿಯ ದಾಖಲೆ, ಮಾಡಿಸಿ. ಮಾಡಿಸಿದರೆ ಮಾತ್ರ ಸಾಲದು. ಅದನ್ನು ಲೀಸಿಗೆ ಲಗತ್ತಿಸಿ, ಅದರಲ್ಲಿ ಕಂಡ ಸ್ಥಿತಿಗಿಂತ ಉತ್ತಮವಾಗಿಡುವ ಹೊಣೆ ನಿಮಗಿಲ್ಲ ಎಂದು ಸಾಲು ಬರೆಸಬೇಕು. ಸಣ್ಣ ಅವಧಿಯ ಲೀಸಾದರೆ ಒಳಗಿನ ರಿಪೇರಿ ಮಾತ್ರ ನಮ್ಮದು ಎಂದು ಚೌಕಾಸಿ ಮಾಡಿ ನೋಡಿ. ಅಂಗಡಿ ಬಹಳ ದಿನ ಖಾಲಿ ಬಿದ್ದಿದ್ದರೆ ಮಾಲೀಕರು ಒಪ್ಪುವುದೂ ಉಂಟು.

ಇನ್ನು ನೀವು ಮಾಡಿಸುವ ಸುಧಾರಣೆ. ನಮ್ಮ ಅಡುಗೆಗೆ ಹೊಗೆ ಕೊಳವೆ ಬೇಕೇ ಬೇಕು, ಗೋಡೆ ಕೊರೆಯಬೇಕು. ಅದಕ್ಕೆ ಮೊದಲೇ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಮಾಲೀಕನ ವಕೀಲರ ಫೀಸೂ ಹೆಚ್ಚಾಗಿ ನಿಮ್ಮ ಮೇಲೆಯೇ ಬೀಳುತ್ತದೆ. ಬಾಡಿಗೆ ಪರಿಷ್ಕರಣೆಯಾಗುವಾಗ ನೀವು ಹಣ ಹಾಕಿ ಮಾಡಿಸಿದ್ದಕ್ಕೆ ನಿಮಗೇ ಹೆಚ್ಚು ಬಾಡಿಗೆ ಬೀಳದಂತೆ ಷರತ್ತು ಇದೆಯಾ, ಬಿಡುವಾಗ ಎಲ್ಲ ಕಿತ್ತು ಮೊದಲಿನಂತೆ ಮಾಡಿಕೊಡಬೇಕಾ, ಇವೆರಡನ್ನು ವಕೀಲರಲ್ಲಿ ಕೇಳಿ.

ಬಿಡುವ ಹೊತ್ತಿಗೆ ‘ಡಿಲಾಪಿಡೇಶನ್ಸ್’ ಎಂಬ ದುರಸ್ತಿ ಪಟ್ಟಿ ಬರುತ್ತದೆ. ಮೊತ್ತ ನೋಡಿ ಗಾಬರಿಯಾಗಿ ಚೆಕ್ ಬರೆಯಬೇಡಿ ತಮ್ಮಾ. 1927ರ ಲ್ಯಾಂಡ್‌ಲಾರ್ಡ್ ಆಂಡ್ ಟೆನೆಂಟ್ ಆಕ್ಟಿನ 18ನೇ ಸೆಕ್ಷನ್ ಪ್ರಕಾರ, ದುರಸ್ತಿ ಮಾಡದ್ದರಿಂದ ಮಾಲೀಕನ ಆಸ್ತಿಯ ಬೆಲೆ ಎಷ್ಟು ಇಳಿಯಿತೋ ಅದಕ್ಕಿಂತ ಹೆಚ್ಚಿನ ಪರಿಹಾರ ಕೇಳುವಂತಿಲ್ಲ. ಹೇಗೂ ಕೆಡವಲಿರುವ ಕಟ್ಟಡವಾದರೆ ದುರಸ್ತಿಯ ಹಣವೇ ಕೇಳುವಂತಿಲ್ಲ. ಆ ಪಟ್ಟಿ ಕೈಗೆ ಬಂದ ದಿನವೇ ನಿಮ್ಮ ಸರ್ವೇಯರಿಗೆ ತೋರಿಸಿ.