ಗಾಂಜಾ ಸೇವನೆ ಕೇಸು: ದಂಡ ಕಟ್ಟುವ ಮೊದಲು 64ಎ ನೋಡಿ

ಗಾಂಜಾ ಸೇದಿ ಸಿಕ್ಕಿಬಿದ್ದ ಹುಡುಗನ ಮನೆಯವರಿಗೆ ಮಂಗಳೂರಿನಲ್ಲಿ ಮೊದಲು ಸಿಗುವ ಸಲಹೆ, ‘ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡಿ’ ಎಂದು. ಕೋರ್ಟಿಗೆ ಅಲೆಯುವುದು ತಪ್ಪುತ್ತದೆ ನಿಜ. ಆದರೆ ಅದು ಶಿಕ್ಷೆಯೇ. ನಾಳೆ ಗಲ್ಫಿನ ಕೆಲಸಕ್ಕೆ ಪೊಲೀಸ್ ಕ್ಲಿಯರೆನ್ಸ್ ಕೇಳಿದಾಗ ಅಡ್ಡ ಬರಬಹುದು. ಚಟವೂ ಹಾಗೆಯೇ ಉಳಿಯುತ್ತದೆ.

ಅಮೆರಿಕದ ಮಯಾಮಿಯಲ್ಲಿ 1989ರಲ್ಲಿ ಶುರುವಾದಂಥ, ಜೈಲಿನ ಬದಲು ಚಿಕಿತ್ಸೆಗೆ ಕಳಿಸುವುದಕ್ಕೆಂದೇ ಇರುವ ಕೋರ್ಟು ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿಲ್ಲ. ಇರುವುದು ಮಾದಕ ವಸ್ತುಗಳನ್ನು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಎರಡು ಕಲಂಗಳು. ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿ ಅದನ್ನು ಪಡೆದರೆ 64ಎ ಪ್ರಕಾರ ವಿಚಾರಣೆಯಿಂದಲೇ ವಿನಾಯಿತಿ. ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೂ, ಶಿಕ್ಷೆ ವಿಧಿಸುವ ಬದಲು ಬಾಂಡ್ ಬರೆಸಿಕೊಂಡು ಚಿಕಿತ್ಸೆಗೆ ಬಿಡಲು ಕೋರ್ಟಿಗೆ 39ನೇ ಕಲಂ ಅಧಿಕಾರ ಕೊಡುತ್ತದೆ; ಒಂದು ವರ್ಷದೊಳಗೆ ಚಿಕಿತ್ಸೆಯ ವರದಿ ಒಪ್ಪಿಸಬೇಕು.

ಮೊದಲು ಎಫ್‌ಐಆರ್ ಮತ್ತು ಪಂಚನಾಮೆ ತೆಗೆದು ತೂಕ ನೋಡಿ. ಈ ವಿನಾಯಿತಿ 27ನೇ ಕಲಮಿನ ಸೇವನೆ ಕೇಸಿಗೆ, ಅಥವಾ ‘ಅಲ್ಪ ಪ್ರಮಾಣ’ದ ಮಾಲಿಗೆ ಮಾತ್ರ. ಗಾಂಜಾಕ್ಕೆ ಆ ಮಿತಿ 1 ಕೆಜಿ, ಚರಸ್‌ಗೆ 100 ಗ್ರಾಂ, ಹೆರಾಯಿನ್‌ಗೆ 5 ಗ್ರಾಂ. ಎಂಡಿಎಂಎ ಎಂಬ ಕೃತಕ ಮಾದಕ ವಸ್ತುವಿಗೆ ಬರೀ ಅರ್ಧ ಗ್ರಾಂ, ಹೆಚ್ಚಿನವರು ಎಡವುವುದು ಇಲ್ಲೇ. ಪೊಟ್ಟಣದಲ್ಲಿ ಬೇರೆ ಪುಡಿ ಬೆರೆಸಿದ್ದರೂ ಒಟ್ಟು ತೂಕವೇ ಲೆಕ್ಕ. ಸುಪ್ರೀಂ ಕೋರ್ಟ್ 2020ರಲ್ಲೇ ಹಾಗೆ ಹೇಳಿದೆ.

ಆಮೇಲೆ ವೈದ್ಯರ ಸರ್ಟಿಫಿಕೇಟು. ಕಾಯ್ದೆಯ ಪ್ರಕಾರ ವ್ಯಸನಿ ಎಂದರೆ ಮಾದಕ ವಸ್ತುವಿನ ಅವಲಂಬನೆ ಇರುವವನು. ‘ಗಾಂಜಾ ಸೇವಿಸಿದ ಇತಿಹಾಸವಿದೆ’ ಎಂದಷ್ಟೇ ಬರೆದ ಚೀಟಿ ಸಾಲದು. ಮನೋವೈದ್ಯರ ವರದಿಯಲ್ಲಿ ರೋಗದ ಕೋಡ್ ಇದ್ದರೆ ಓದಿಕೊಳ್ಳಿ: ಎಫ್12.2 ಅಂದರೆ ಗಾಂಜಾ ಅವಲಂಬನೆ, ಎಫ್12.1 ಅಂದರೆ ಹಾನಿಕರ ಬಳಕೆ ಮಾತ್ರ. ಅಪರೂಪಕ್ಕೆ ಸೇದುವವನಿಗೆ ಅವಲಂಬನೆ ಇದೆ ಎಂದು ಬರೆಸಿಕೊಳ್ಳಲು ಹೋಗಬೇಡಿ. ಅದು ಸುಳ್ಳು ದಾಖಲೆ, ಸರ್ಕಾರಿ ವಕೀಲರು ಪ್ರಶ್ನಿಸಿದರೆ ನಿಲ್ಲದು.

ಆಸ್ಪತ್ರೆ ಸರ್ಕಾರದ್ದು, ಸ್ಥಳೀಯ ಸಂಸ್ಥೆಯದು ಅಥವಾ ಅವು ಮಾನ್ಯ ಮಾಡಿದ್ದು ಆಗಿರಬೇಕು. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆ ಸರ್ಕಾರದವು. ಖಾಸಗಿ ಕೇಂದ್ರಕ್ಕೆ ಸೇರಿಸುವುದಾದರೆ ದುಡ್ಡು ಕಟ್ಟುವ ಮೊದಲೇ ಮಾನ್ಯತೆ ಪತ್ರದ ಪ್ರತಿ ಕೇಳಿ. ಬೋರ್ಡಿನಲ್ಲಿ ‘ವ್ಯಸನಮುಕ್ತಿ ಕೇಂದ್ರ’ ಎಂದಿದ್ದ ಮಾತ್ರಕ್ಕೆ ಕೋರ್ಟು ಒಪ್ಪುವುದಿಲ್ಲ.

ಅರ್ಜಿಯನ್ನು ಕೇಸು ನಡೆಯುವ ಕೋರ್ಟಿನಲ್ಲೇ, ತಪ್ಪೊಪ್ಪಿಗೆಗೆ ಮುಂಚೆ ಹಾಕಬೇಕು. ಜೊತೆಗೆ ವೈದ್ಯರ ವರದಿ, ದಾಖಲಾತಿ ಪತ್ರ ಮತ್ತು ‘ಸ್ವಇಚ್ಛೆಯಿಂದ ಚಿಕಿತ್ಸೆ ಪಡೆಯುತ್ತೇನೆ’ ಎಂಬ ಆರೋಪಿಯದೇ ಅಫಿಡವಿಟ್ ಇರಲಿ. ಅಪ್ಪ ಸಹಿ ಹಾಕಿದರೆ ಸಾಲದು. ವಕೀಲರಿಗೆ ಕೊಡಲು ಕಾಸಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಿ, ಸಹಾಯವಾಣಿ 15100.

ಅರ್ಧಕ್ಕೆ ಬಿಟ್ಟು ಬಂದರೆ ವಿನಾಯಿತಿ ರದ್ದಾಗಿ ಕೇಸು ಮತ್ತೆ ನಡೆಯಬಹುದು. ಹಾಗಾಗಿ ಡಿಸ್ಚಾರ್ಜ್ ಸಮ್ಮರಿ, ಪ್ರತಿ ಭೇಟಿಯ ಒಪಿಡಿ ಚೀಟಿ, ಮೂತ್ರ ಪರೀಕ್ಷೆಯ ವರದಿ ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ದಿನಾ ಸೇದುತ್ತಿದ್ದವನ ಮೂತ್ರದಲ್ಲಿ ಬಿಟ್ಟ ಮೇಲೂ ಕೆಲವು ವಾರ ಗಾಂಜಾದ ಅಂಶ ಕಾಣಿಸಬಹುದು. ಅಂಥ ಪಾಸಿಟಿವ್ ವರದಿ ಬಂದರೆ, ಅದು ಹಳೆಯದರ ಉಳಿಕೆಯೇ ಎಂಬುದನ್ನು ವೈದ್ಯರ ಕೈಯಲ್ಲೇ ಬರೆಸಿಟ್ಟುಕೊಳ್ಳಿ.

ಹುಡುಗನಿಗೆ 18 ತುಂಬಿಲ್ಲದಿದ್ದರೆ ಕೇಸು ಹೋಗಬೇಕಾದ್ದು ಬಾಲ ನ್ಯಾಯ ಮಂಡಳಿಗೆ. ಹುಟ್ಟಿದ ದಿನಾಂಕದ ದಾಖಲೆಯನ್ನು ಮೊದಲ ದಿನವೇ ಠಾಣೆಗೆ ಕೊಡಿ.